ಚಾಯದಂಗಡಿಯವನನ್ನು ಮಾಡಿ ತೋರಿಸಿದ್ದು

ಬೇರೆ ಮನೆಗಳಲ್ಲಿ ಪೇಟೆಗೆ ಹೋಗಿ ಬಂದವರನ್ನು "ಏನು ತಂದ್ಯೋ?" ಎಂದು ಕೇಳುತ್ತಾರೆ. ನಮ್ಮ ಮನೆಯಲ್ಲಿ ನನ್ನನ್ನು ಕೇಳುತ್ತಿದ್ದದ್ದು "ಯಾರನ್ನ ತಂದ್ಯೋ?" ಎಂದು. ಉಪ್ಪು ತರಲು ಮಾನಂತವಾಡಿಗೆ ಕಳಿಸಿದರೆ ಉಪ್ಪು ಮರೆತು ಬಸ್ಸಿನ ಕಂಡಕ್ಟರನನ್ನು ತಂದಿರುತ್ತಿದ್ದೆ. ಅವನ ಮೂಗಿನ ದನಿ, ಚಿಲ್ಲರೆ ಕೇಳಿದ ಕೂಡಲೇ ಆಕಾಶ ನೋಡುವ ಅವನ ಕಣ್ಣು, ಎಲ್ಲ ಸೇರಿಸಿ. ಇನ್ನೊಂದು ದಿನ ಪಶುವೈದ್ಯರು ಬಂದರೆ, ಅವರು ನಮ್ಮ ಎಮ್ಮೆಯ ಹತ್ತಿರ ನಿಂತು ಎಮ್ಮೆಗಿಂತ ಹೆಚ್ಚು ಹೆದರಿದ್ದನ್ನು ಸಂಜೆ ಅಂಗಳದಲ್ಲಿ ಮಾಡಿ ತೋರಿಸುತ್ತಿದ್ದೆ. ಹತ್ತನೇ ತರಗತಿಯಲ್ಲಿ ಫೇಲಾದ ದಿನ ಹೆಡ್‌ಮಾಸ್ಟರು ನನ್ನ ಭವಿಷ್ಯವನ್ನು ಶುದ್ಧ ಮಲಯಾಳದಲ್ಲಿ ವಿವರಿಸಿದ್ದರು. ಅದನ್ನೂ ಮಾಡಿ ತೋರಿಸಿದೆ. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅರ್ಧ ನಗುವಿನಲ್ಲಿ, ಅದು ತನ್ನದೇ ಮಗನ ಭವಿಷ್ಯವೆಂದು ನೆನಪಾಗಿ ಸೌಟು ಎತ್ತಿಕೊಂಡಳು.

ಈ ವಿದ್ಯೆ ನನಗೆ ಹುಟ್ಟಿನಿಂದ ಬಂದದ್ದಲ್ಲ, ಅಕ್ಕನಿಂದ ಬಂದದ್ದು. ನಾನು ಚೋಟುದ್ದ ಇದ್ದಾಗ ತಿರುನೆಲ್ಲಿಯ ನಮ್ಮ ಗದ್ದೆಯಲ್ಲಿ ನಾಟಿಯ ದಿನ ಅವಳ ಸುತ್ತ ಹೆಂಗಸರು ಗುಂಪು ಕಟ್ಟುತ್ತಿದ್ದರು. ನನಗೆ ಒಬ್ಬ ಮನುಷ್ಯನನ್ನು ತರಬೇಕಾದರೆ ಅವನ ದನಿ, ಕೆಮ್ಮು, ಬೈಗುಳ ಎಲ್ಲ ಬೇಕು. ಅಕ್ಕನಿಗೆ ಏನೂ ಬೇಡ. ಕೆಸರಿನಲ್ಲಿ ನಿಂತು ಸೊಂಟದ ಮೇಲೆ ಒಂದು ಕೈ ಇಟ್ಟರೆ ಸಾಕು, ಆಚೆ ಗದ್ದೆಯವರು ಅದು ಯಾರೆಂದು ಕೂಗಿ ಹೇಳುತ್ತಿದ್ದರು. ಮದುವೆಯಾಗಿ ಪಯ್ಯಂಪಳ್ಳಿಯ ಕಡೆ ಹೋದಳು. ಹೋದವಳು ಒಂದು ಟ್ರಂಕಿನೊಂದಿಗೆ ವಾಪಸ್ಸು ಬಂದಾಗ ವಿದ್ಯೆಯನ್ನು ಮಾತ್ರ ತಂದಿರಲಿಲ್ಲ.

ಊರಿಗೆ ಕಾರಣ ಬೇಕಿತ್ತು. ಬಂದವರೆಲ್ಲ ಜಗಲಿಯಲ್ಲಿ ಕೂತು ಅವ್ವನನ್ನು ಒಂದೇ ಕ್ರಮದಲ್ಲಿ ಕೇಳುತ್ತಿದ್ದರು.

"ಹೊಡೀತಾನಾ?"

"ಇಲ್ಲ."

"ಕುಡೀತಾನಾ?"

"ಇಲ್ಲ."

"ಮತ್ತೆ ಎಂಥದ್ದಕ್ಕೆ ಬಂದ್ಲು?"

ಅವ್ವನಿಗೂ ಗೊತ್ತಿರಲಿಲ್ಲ. ಆ ಗಂಡನ್ನು ಹುಡುಕಿದ್ದು ನಮ್ಮ ಸೋದರಮಾವ. ಮಾವ ಎತ್ತು ಕೊಳ್ಳುವುದರಲ್ಲಿ ನಮ್ಮ ಕಡೆ ಹೆಸರಾದವನು. ಗಂಡು ನೋಡುವುದನ್ನೂ ಅದೇ ಪದ್ಧತಿಯಲ್ಲಿ ಮಾಡುತ್ತಾನೆ: ಹಲ್ಲು, ನಡಿಗೆ, ಕೊಟ್ಟಿಗೆ. ಅವನ ಲೆಕ್ಕದಲ್ಲಿ ಆ ಮನುಷ್ಯ ಸಾಧು. ನಿಜವೇ. ನನಗೂ ಅವನನ್ನು ಮಾಡಿ ತೋರಿಸಲು ಯಾವತ್ತೂ ಆಗಿರಲಿಲ್ಲ. ಹಿಡಿದುಕೊಳ್ಳಲು ಅವನಲ್ಲಿ ಏನೂ ಸಿಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಕ್ಕ ಪಾತ್ರೆ ತೊಳೆಯುತ್ತಿದ್ದವಳು "ಏ ಕೋತಿ, ಬಾವಿ ಕಡೆ ಹೋಗು" ಎಂದಳು. ಕೊಡ ಹಿಡಿದು ಹೊರಟೆ. ಬೆನ್ನ ಹಿಂದೆ ಒಂದು ಸದ್ದು ಬಂತು. ನಾಲಗೆಯನ್ನು ಅಂಗುಳಿಗೆ ಒತ್ತಿ ಬಿಟ್ಟ ಸದ್ದು, ಎತ್ತನ್ನು ಕರೆಯುವಾಗ ಮಾಡುತ್ತೇವಲ್ಲ, ಅದು. ತಿರುಗಿ ನೋಡಿದೆ.

"ನೋಡು, ತಿರುಗ್ದೆ," ಎಂದಳು ಅಕ್ಕ. "ಅಲ್ಲಿ ಇದ್ದಷ್ಟು ದಿನ ನನ್ನ ಹೆಸರು ಅದೇ ಆಗಿತ್ತು. ಊಟಕ್ಕೂ ಅದೇ, ನೀರಿಗೂ ಅದೇ. ಕೊನೆಕೊನೆಗೆ ಅವರು ನಿಜವಾಗಿ ಎತ್ತನ್ನ ಕರೆದ್ರೂ ನಾನೇ ತಿರುಗ್ತಿದ್ದೆ."

ಇಷ್ಟು ಹೇಳಿ ಮತ್ತೆ ಪಾತ್ರೆ ತಿಕ್ಕತೊಡಗಿದಳು. ಜಗಲಿಯ ಮೇಲೆ ಕೂತು ಕೇಳುವವರಿಗೆ ಇದನ್ನು ಹೇಗೆ ಹೇಳುವುದು? ನಾನು ಅಷ್ಟು ಬಾಯಿಬಡುಕ, ನನಗೂ ಹೇಳಲಾಗಲಿಲ್ಲ.

ಅಕ್ಕ ಗಂಡನಿಂದ ಬಿಡುಗಡೆ ಕೇಳಿ ಹಾಕಿದ ಕೇಸು ತಲಶ್ಶೇರಿಯಲ್ಲಿ ನಡೆಯಿತು. ಹಾಕುವಾಗ ನಾವು ಕಣ್ಣೂರು ಜಿಲ್ಲೆಯವರು, ಮುಗಿಯುವಾಗ ವಯನಾಡು ಜಿಲ್ಲೆಯವರು. ನಮ್ಮ ಅರ್ಧ ವಯನಾಡು ಕಣ್ಣೂರನ್ನು ಬಿಟ್ಟು ಬಂದು, ಕೋಝಿಕ್ಕೋಡನ್ನು ಬಿಟ್ಟು ಬಂದ ಇನ್ನರ್ಧದ ಜೊತೆ ಹೊಸ ಸಂಸಾರ ಹೂಡಿದ ಕಾಲ ಅದು. ಊರವರೆಲ್ಲ ಹೊಸ ಜಿಲ್ಲೆಗೆ ಪಟಾಕಿ ಹೊಡೆದಿದ್ದರು. "ಜಿಲ್ಲೆ ಬಿಟ್ಟು ಬಂದ್ರೆ ಪಟಾಕಿ, ನಮ್ಮಕ್ಕ ಬಿಟ್ಟು ಬಂದ್ರೆ ಗುಸುಗುಸುನಾ?" ಎಂದು ನಾನು ಚಾವಡಿಯಲ್ಲಿ ಕೇಳಿ ಮಾವನ ಕೈಯಲ್ಲಿ ಕಿವಿ ಹಿಂಡಿಸಿಕೊಂಡೆ. ಕೊನೆಗೆ ಎರಡೂ ಕಡೆಯವರು ಒಪ್ಪಿ ಬಿಡುಗಡೆಯಾಯಿತು. ಕೋರ್ಟಿನ ಮೆಟ್ಟಿಲಿಳಿದ ಅಕ್ಕ ಅಳುತ್ತಾಳೆಂದು ಅವ್ವ ಸೆರಗು ಸಿದ್ಧ ಮಾಡಿಕೊಂಡಿದ್ದಳು. ಅಕ್ಕ "ಇಷ್ಟು ದೂರ ಬಂದಿದ್ದೀವಿ, ಸಮುದ್ರ ನೋಡ್ಕೊಂಡು ಹೋಗಣ" ಎಂದಳು. ನಾವು ಮೂವರೂ ಅದೇ ಮೊದಲು ಸಮುದ್ರ ನೋಡಿದ್ದು. ಅವ್ವ ನೀರಿಗೆ ಕೈ ಮುಗಿದಳು. ಅಕ್ಕ ಮಂಡಿಯವರೆಗೆ ಇಳಿದು ನಿಂತಳು, ನಾಟಿಗೆ ನಿಂತ ಹಾಗೆ.

ನಮ್ಮಲ್ಲಿ ಬಿಟ್ಟು ಬಂದವರಿಗೆ ಮತ್ತೆ ಮದುವೆ ಇಲ್ಲವೆಂದಿಲ್ಲ. ಗಂಡಸಾದರೆ ಮುಂದಿನ ನಾಟಿಯೊಳಗೆ ಇನ್ನೊಬ್ಬಳು ಬಂದಾಗಿರುತ್ತದೆ, ಓಲಗ ಸಹಿತ. ಹೆಂಗಸಾದರೆ ಅದಕ್ಕೆ ಮದುವೆ ಎನ್ನುವುದಿಲ್ಲ, ಕೂಡಿಕೆ ಎನ್ನುತ್ತಾರೆ. ಕತ್ತಲಾದ ಮೇಲೆ, ಹಿತ್ತಲ ಬಾಗಿಲಿಂದ, ವಾದ್ಯವಿಲ್ಲದೆ, ನಾಲ್ಕು ಜನ ಹಿರಿಯರ ಮುಂದೆ ಒಂದು ಸೀರೆ ಕೊಟ್ಟು ಕರೆದುಕೊಂಡು ಹೋಗುವುದು. ಕಾಡಿನ ಮರದ ಕಳ್ಳ ನಾಟಾ ಸಾಗಿಸಿದ ಹಾಗೆ. ಕರೆದುಕೊಂಡು ಹೋಗುವವನು ಸಾಮಾನ್ಯವಾಗಿ ಹೆಂಡತಿ ಸತ್ತು, ತನ್ನ ಹಲ್ಲೂ ಅಲ್ಲಾಡುತ್ತಿರುವವನು.

ಮಾವನಿಗೆ ಮೊದಲ ಸಂಬಂಧ ಕೆಟ್ಟದ್ದು ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಹಾಗಾಗಿ ಹಲ್ಲು ಗಟ್ಟಿಯಿರುವವನನ್ನೇ ಹುಡುಕಿ ತಂದ. ಬೇಗೂರಿನಲ್ಲಿ, ಕುಟ್ಟಕ್ಕೆ ಹೋಗುವ ರಸ್ತೆ ಬದಿಯಲ್ಲಿ ಚಾಯದಂಗಡಿ. ನಮ್ಮ ಜನವೇ. ಹೆಂಡತಿ ಬಿಟ್ಟು ಹೋಗಿ ಕೋರ್ಟಿನಲ್ಲಿ ಬಿಡುಗಡೆಯಾಗಿತ್ತು.

"ಅವನೂ ಕೋರ್ಟು ಮೆಟ್ಟಿಲು ಹತ್ತಿದವನೇ. ಸರಿಸಮ ಜೋಡಿ," ಎಂದ ಮಾವ. "ಬುಧವಾರ ನೋಡೋಕೆ ಬರ್ತಾರೆ."

"ಬರೋದು ಬೇಡ ಮಾವ," ಎಂದಳು ಅಕ್ಕ. "ಕಾಫಿ ತಟ್ಟೆ ಹಿಡ್ಕೊಂಡು ಒಂದ್ಸಲ ನಿಂತಿದ್ದಾಯ್ತು. ಅವತ್ತು ಅವರೂ ನಕ್ರು, ನಾನೂ ನಕ್ಕೆ. ತಟ್ಟೆ ಮುಂದೆ ಯಾರು ಬೇಕಾದ್ರೂ ನಗ್ತಾರೆ."

"ಮತ್ತೆ ನೋಡ್ದೆ ಹೆಂಗೆ?"

ಅಕ್ಕ ನನ್ನ ಕಡೆ ಬೆರಳು ತೋರಿಸಿದಳು. "ಇವನು ಹೋಗ್ಲಿ. ಒಂದಿನ ಆ ಅಂಗಡೀಲಿ ಚುಮ್ಮಾ ಕೂತು ಬರ್ಲಿ. ಬಂದು ನನ್ನ ಮುಂದೆ ಅವರನ್ನ ಮಾಡ್ಲಿ."

ನಾನು ಎದೆಯುಬ್ಬಿಸಿ ಎದ್ದೆ. ಅಕ್ಕ ಕೂರಿಸಿದಳು.

"ನಗ್ಸೋಕಲ್ಲ ತಮ್ಮಾ. ಇದ್ದದ್ದು ಇದ್ದ ಹಾಗೆ. ನೀನು ಉಪ್ಪು ಖಾರ ಹಾಕಿದ್ರೆ ನಂಗೆ ಗೊತ್ತಾಗುತ್ತೆ. ನೀ ತಂದದ್ದು ನೋಡಿ ಹೂಂ ಅಂದ್ರೆ ಹೋಗ್ತೀನಿ. ಉಹೂಂ ಅಂದ್ರೆ ಈ ಮಾತು ಈ ಮನೇಲಿ ಮತ್ತೆ ಎತ್ತಬಾರ್ದು. ನಾ ಇಲ್ಲೇ ಇರ್ತೀನಿ, ಗದ್ದೆ ನೋಡ್ಕೊಂಡು."

ಅವ್ವ ಬಿಡಿಸುತ್ತಿದ್ದ ಅವರೆಕಾಯಿ ಕೈಯಲ್ಲೇ ನಿಂತಿತು. ಅಲ್ಲಿಯವರೆಗೆ ನಾನು ತಂದ ಯಾವ ಮನುಷ್ಯನಿಂದಲೂ ಯಾರ ಬದುಕೂ ಆಚೀಚೆ ಆಗಿರಲಿಲ್ಲ. ಜೀವನದಲ್ಲಿ ಮೊದಲ ಸಲ ನನಗೆ ಕೆಲಸ ಸಿಕ್ಕಿತ್ತು, ಮತ್ತು ಎಲ್ಲ ಕೆಲಸಗಳ ಹಾಗೆ ಅದರಲ್ಲಿ ನಗು ಕಡಿಮೆ ಇತ್ತು.

ಬೆಳಿಗ್ಗೆ ಬಸ್ಸಿಗೆ ಬಿಡಲು ಮಾವನೂ ಬಂದ. "ಅಳಿಯಾ, ಒಳ್ಳೇದನ್ನ ಎರಡು ಮುಷ್ಟಿ ಜಾಸ್ತಿ ತಾ. ಕೆಟ್ಟದ್ದೇನಾದ್ರೂ ಇದ್ರೆ ಬಸ್ಸಲ್ಲೇ ಬಿಟ್ಟು ಬಾ. ಹುಡುಗಿ ಬಾಳು."

ಬೇಗೂರಿನ ಆ ಅಂಗಡಿಗೆ ಹುಲ್ಲಿನ ಮಾಡು, ಎರಡು ಬೆಂಚು, ಕಟ್ಟಿಗೆ ಒಲೆ. ಮಾಡು ತಗ್ಗು, ಅಂಗಡಿಯವನು ಎತ್ತರ. ಹೀಗಾಗಿ ಒಳಗೆ ಯಾವಾಗಲೂ ಯಾರಿಗೋ ನಮಸ್ಕಾರ ಮಾಡುತ್ತಿರುವಂತೆ ಬಾಗಿ ಓಡಾಡುತ್ತಿದ್ದ. ನಾನು ಮೂಲೆಯಲ್ಲಿ ಕೂತೆ. ಸುಮ್ಮನೆ ಕೂತರೆ ಅನುಮಾನ ಬರುತ್ತದೆಂದು ಚಾಯ ಕುಡಿದೆ. ಅನುಮಾನ ದೊಡ್ಡದಾದಷ್ಟೂ ಚಾಯ ಹೆಚ್ಚಾಯಿತು. ಮಧ್ಯಾಹ್ನದ ಹೊತ್ತಿಗೆ ನನ್ನ ಹೊಟ್ಟೆ ಪತ್ತೇದಾರಿಯ ಎಲ್ಲ ಕಷ್ಟಗಳನ್ನೂ ತಿಳಿದುಕೊಂಡಿತ್ತು.

ಅವನು ಮನುಷ್ಯರ ಜೊತೆ ಕಡಿಮೆ, ಸಾಮಾನುಗಳ ಜೊತೆ ಹೆಚ್ಚು ಮಾತಾಡುವವನು. ಒಲೆ ಹೊಗೆಯಾಡಿದರೆ "ನಿಂಗೆ ನನ್ನ ಮೇಲೆ ಎಂಥ ಹಗೆ? ಬೆಳಿಗ್ಗೆ ಒಣ ಕಟ್ಟಿಗೆ ಕೊಟ್ಟಿಲ್ವಾ?" ಎಂದು ಬಗ್ಗಿ ಕೇಳುತ್ತಿದ್ದ. ಹಾಲು ಒಡೆಯಿತು. "ಶರಿ, ಇವತ್ತೇ ಆಗ್ಬೇಕಿತ್ತು ನಿಂಗೆ," ಎಂದು ಹಾಲಿಗೆ ಬೈದು ಪಾತ್ರೆ ತೊಳೆದ. ನಾನು ಎಲ್ಲವನ್ನೂ ಒಳಗಿಳಿಸಿಕೊಳ್ಳುತ್ತಿದ್ದೆ, ಚಾಯ ಸಹಿತ.

ಆಮೇಲೆ ಮರ ಹೇರಿದ ಒಂದು ಲಾರಿ ನಿಂತಿತು. ಡ್ರೈವರ್ ಬೆಂಚಿನ ಮೇಲೆ ಕಾಲು ಚಾಚಿ, ಎಲ್ಲರಿಗೂ ಕೇಳುವ ಹಾಗೆ, "ಏನ್ ಚೇಟ್ಟಾ, ಹೆಂಡ್ತಿ ಚಾಯಕ್ಕೆ ಸಕ್ಕರೆ ಸಾಲ್ದು ಅಂತ ಓಡೋದ್ಲಂತೆ?" ಎಂದ. ಬೆಂಚು ನಕ್ಕಿತು.

ಅಂಗಡಿಯವನು ಚಾಯ ಎತ್ತಿ ಹುಯ್ಯುತ್ತಿದ್ದ. "ಅವಳಿಗೆ ಈ ಕಾಡು ಹಿಡಿಸ್ಲಿಲ್ಲ. ಹಿಡಿಸದಿದ್ರೆ ತಪ್ಪಾ? ನಿಂಗೆ ಸಕ್ಕರೆ ಎಷ್ಟು?" ಎಂದ. ಮಾತು ನೆಟ್ಟಗಿತ್ತು. ಚಾಯ ಮಾತ್ರ ಲೋಟದ ಹೊರಗೆ ಹೋಯಿತು. ಲೋಟ ಕೊಟ್ಟು ಹಿಂದಕ್ಕೆ ಹೋದ. ಬರುವಾಗ ಮುಖ ತೊಳೆದುಕೊಂಡಿದ್ದ.

ಅವತ್ತು ಸಂಜೆ ನಮ್ಮ ಅಂಗಳದಲ್ಲಿ ಅಕ್ಕ ಮೊಣಕಾಲಿಗೆ ಕೈ ಕಟ್ಟಿ ಕೂತಳು. ಅವ್ವ ಬಾಗಿಲಲ್ಲಿ, ಮಾವ ಬೆಂಚಿನ ಮೇಲೆ. ನಾನು ಬಾಗಿ ನಿಂತು ಬೇಗೂರಿನವನಾದೆ. ಒಲೆಗೆ ಬೈದೆ. ಅವ್ವ ನಕ್ಕಳು, ಅಕ್ಕ ನಗಲಿಲ್ಲ. ನಡುನಡುವೆ ತಡೆಯುತ್ತಿದ್ದಳು.

"ಹಾಲು ಒಡೆದಾಗ ಪಾತ್ರೆ ಹೆಂಗೆ ಇಟ್ರು? ಕುಕ್ಕಿದ್ರಾ?"

"ಇಲ್ಲ. ಹಿಂಗೆ."

"ಲಾರಿಯವನು ಹೇಳ್ದಾಗ ಕಣ್ಣು ಎಲ್ಲಿತ್ತು?"

"ಚಾಯದ ಮೇಲೆ."

ಚೆಲ್ಲಿದ ಚಾಯ ತೋರಿಸಿದೆ. ಹಿಂದಕ್ಕೆ ಹೋದದ್ದು, ತೊಳೆದ ಮುಖ, ಎಲ್ಲ. ಮಾವ ಹಣೆ ಚಚ್ಚಿಕೊಂಡ. ಅಕ್ಕ ಕೇಳಿದಳು:

"ಆಚೆ ಮುಖ ಮಾಡ್ಕೊಂಡು ಹೋಗ್ತಿರೋರನ್ನ ಹೆಂಗೆ ಕರೀತಾರೆ?"

ಅದನ್ನು ನಾನು ನೋಡಿಯೇ ಇರಲಿಲ್ಲ. ಇಡೀ ದಿನ ಅವನ ಬಾಯಿಯಿಂದ ಬಂದದ್ದನ್ನೆಲ್ಲ ಹೆಕ್ಕಿ ತಂದಿದ್ದೆ, ಅಕ್ಕನಿಗೆ ಬೇಕಾದ ಆ ಒಂದನ್ನು ಬಿಟ್ಟು. ಒಂದು ಸೊಗಸಾದ "ಓ ಅಣ್ಣಾ, ಒಂದ್ನಿಮಿಷ" ನನ್ನ ನಾಲಗೆ ತುದಿಗೆ ಬಂದಿತ್ತು. ಅವನ ದನಿಯಲ್ಲಿ, ಅವನ ಬಾಗಿನಲ್ಲಿ, ಬ್ರಹ್ಮನಿಗೂ ಗೊತ್ತಾಗದ ಹಾಗೆ ಮಾಡಬಹುದಿತ್ತು. ಅಕ್ಕನ ಬೆನ್ನ ಹಿಂದೆ ಮಾವ "ಮಾಡು, ಮಾಡು" ಎಂದು ಕಣ್ಣಿನಲ್ಲೇ ಗೋಗರೆಯುತ್ತಿದ್ದ.

"ಗೊತ್ತಿಲ್ಲ ಅಕ್ಕಾ," ಎಂದೆ. "ನೋಡ್ಲಿಲ್ಲ."

ಕಲಾವಿದನಾಗಿ ಅದು ನನ್ನ ಅತ್ಯಂತ ಕೆಟ್ಟ ಸಂಜೆ. ಆದರೂ ಇವತ್ತಿಗೂ ನನ್ನ ಬೆನ್ನು ನಾನೇ ತಟ್ಟಿಕೊಳ್ಳುವುದು ಅದೊಂದೇ ಮಾತಿಗೆ.

"ಹಂಗಾದ್ರೆ ನಾಳೆ ಮತ್ತೆ ಹೋಗು," ಎಂದಳು ಅಕ್ಕ.

ಮರುದಿನ ಬಸ್ಸಿಳಿದು ಬೆಂಚಿನ ಮೇಲೆ ಕೂರುವುದರೊಳಗೆ ಅಂಗಡಿಯವನು ಎದುರು ಬಂದು ನಿಂತ.

"ನಿನ್ನೆ ಅಷ್ಟು ಚಾಯ ಕುಡಿದೂ ಬದುಕಿದ್ಯಾ?" ಎಂದ. ಆಮೇಲೆ ದನಿ ತಗ್ಗಿಸಿ, "ನೀನು ಆ ಹುಡುಗಿ ತಮ್ಮ ಅಲ್ವಾ?"

"ಹೆಂಗೆ ಗೊತ್ತಾಯ್ತು ಅಣ್ಣಾ?"

"ಚಾಯ ಕುಡಿಯೋಕೆ ಬಂದೋರು ಚಾಯ ನೋಡ್ತಾರೆ. ನೀನು ನನ್ನೇ ನೋಡ್ತಿದ್ದೆ. ಅಲ್ದೆ, ನಾನು ಬಗ್ಗಿದಾಗೆಲ್ಲ ನೀನೂ ಬಗ್ತಿದ್ದೆ."

ಮರ್ಯಾದೆ ಪೂರ್ತಿ ಹೋದ ಮೇಲೆ ಸುಳ್ಳು ಹೇಳುವುದು ಯಾಕೆಂದು ಎಲ್ಲ ಹೇಳಿಬಿಟ್ಟೆ. ಅವನು ಕೈ ಒರೆಸಿಕೊಂಡು ಎದುರಿನ ಬೆಂಚಿನ ಮೇಲೆ ಕೂತ. "ಅವರಿಗೆ ಏನು ತೋರಿಸ್ದೆ? ನಂಗೂ ತೋರ್ಸು."

ಒಬ್ಬ ಮನುಷ್ಯನ ಎದುರಿಗೇ ಅವನಾಗುವುದಿದೆಯಲ್ಲ, ಅದು ಆನೆಯ ಎದುರು ಆನೆಯಾಗುವ ಹಾಗೆ. ಆದರೂ ಎದ್ದೆ. ಒಲೆಗೆ ಬೈದಾಗ ಅವನು ನಕ್ಕ. "ನಾ ಅಷ್ಟೊಂದು ಬಗ್ತೀನಾ?" ಎಂದು ಪಕ್ಕದವನನ್ನು ಕೇಳಿದ. ಪಕ್ಕದವನು "ಇನ್ನೂ ಜಾಸ್ತಿ" ಎಂದ. ಲಾರಿಯವನ ಮಾತು ಬಂದಾಗ ನಿಲ್ಲಿಸಲೇ ಎನಿಸಿತು. ನಿಲ್ಲಿಸಲಿಲ್ಲ. ಚಾಯ ಚೆಲ್ಲಿದೆ, ಹಿಂದಕ್ಕೆ ಹೋದೆ, ಮುಖ ಒರೆಸಿಕೊಂಡು ಬಂದೆ. ಬೆಂಚು ನಗಲಿಲ್ಲ.

"ಅದನ್ನೂ ತೋರಿಸಿದ್ಯಾ ಅವರಿಗೆ?"

"ಹೂಂ."

"ಒಳ್ಳೇದಾಯ್ತು," ಎಂದ. "ಇಲ್ದಿದ್ರೆ ಅದನ್ನ ನಾನೇ ಹೇಳ್ಬೇಕಿತ್ತು. ನಂಗೆ ಹೇಳೋಕೆ ಬರ್ತಿರ್ಲಿಲ್ಲ." ಎದ್ದು ಒಲೆಯ ಕಡೆ ಹೊರಟವನು ತಿರುಗಿ, "ಈಗ ಅವರನ್ನ ಮಾಡು," ಎಂದ.

"ಅದು ಮಾತ್ರ ಆಗಲ್ಲ ಅಣ್ಣಾ. ನಂಗೆ ಇದನ್ನ ಕಲಿಸ್ದೋಳೇ ಅವಳು."

ಅವನು ತಲೆಯಾಡಿಸಿದ. ಒತ್ತಾಯ ಮಾಡಲಿಲ್ಲ.

ಇನ್ನೂ ನನ್ನ ಕೆಲಸ ಆಗಿರಲಿಲ್ಲ. ಆದರೆ ಇಷ್ಟೆಲ್ಲ ಆದ ಮೇಲೆ "ಯಾರನ್ನಾದರೂ ಹಿಂದಿನಿಂದ ಕರೆಯಿರಿ, ನೋಡಬೇಕು" ಎಂದು ಕೇಳುವುದು ಹೇಗೆ? ಕೇಳಿದರೆ ತಟ್ಟೆ ಮುಂದಿನ ನಗುವಿನ ಹಾಗೇ ಆಗುತ್ತದೆ. ಕಾದೆ. ಗಿರಾಕಿಗಳು ತಾವೇ ಬಂದರು, ತಾವೇ ಹೋದರು, ಯಾರನ್ನೂ ಕರೆಯುವ ಸಂದರ್ಭವೇ ಬರಲಿಲ್ಲ. ಸಂಜೆಯ ಬಸ್ಸು ಬಂತು. ಸೋತವನ ಹಾಗೆ ರಸ್ತೆಗಿಳಿದೆ.

ನಮ್ಮ ರಸ್ತೆಗಳಲ್ಲಿ ಹೋಗುತ್ತಿರುವವನನ್ನು ನಿಲ್ಲಿಸಲು ಸಿಳ್ಳೆ ಇದೆ, ಚಪ್ಪಾಳೆ ಇದೆ, "ಏಯ್" ಇದೆ, ಬಸ್ಸಿನ ತಗಡು ಬಡಿಯುವುದಿದೆ. ಯಾವುದೂ ಕೇಳಲಿಲ್ಲ. ಬಸ್ಸಿಗೆ ನಾಲ್ಕು ಮಾರು ಇರುವಾಗ ನನ್ನ ಬಲಬದಿಯಿಂದ, ರಸ್ತೆಯ ಅಂಚು ಹಿಡಿದು, ಒಬ್ಬ ಎತ್ತರದ ಮನುಷ್ಯ ಬೇಗ ಬೇಗ ನನ್ನನ್ನು ದಾಟಿ ಹೋಗಿ ಎದುರಿಗೆ ತಿರುಗಿ ನಿಂತ. ಕೈಯಲ್ಲಿ ನನ್ನ ಕೊಡೆ. ಅಂಗಡಿಯ ಕಂಬದಲ್ಲಿ ಮರೆತು ಬಂದಿದ್ದೆ.

"ಕರೆದಿದ್ರೆ ಸಾಕಿತ್ತಲ್ಲ ಅಣ್ಣಾ?"

"ಹಿಂದಿಂದ ಕರೆದ್ರೆ ರಸ್ತೇಲಿರೋರೆಲ್ಲ ತಿರುಗ್ತಾರೆ," ಎಂದ ಏದುಸಿರಿನಲ್ಲಿ. "ಬೇಕಾಗಿರೋದು ನೀನೊಬ್ಬ."

ಅಷ್ಟರಲ್ಲಿ ಅಂಗಡಿಯಲ್ಲಿ ಹಾಲು ಉಕ್ಕಿ ಒಲೆ ಬುಸ್ಸೆಂದಿತು. "ನೋಡಿದ್ಯಾ, ಒಂದ್ನಿಮಿಷ ಬಿಟ್ಟು ಬರೋಹಂಗಿಲ್ಲ ಇದನ್ನ," ಎಂದು ಹಾಲಿಗೆ ಬೈಯುತ್ತ ಓಡಿದ.

ಮನೆಗೆ ಬಂದವನೇ "ಅಕ್ಕಾ, ಬಾವಿ ಕಡೆ ನಡಿ," ಎಂದೆ. ಅವಳಿಗೆ ಅರ್ಥವಾಯಿತು. ಕೊಡ ಎತ್ತಿಕೊಂಡು ಹೊರಟಳು. ಅವಳ ಭುಜ ಬಿಗಿದಿದ್ದು ನನಗೆ ಕಾಣುತ್ತಿತ್ತು, ಯಾವ ಸದ್ದು ಬರುತ್ತದೋ ಎಂದು. ನಾನು ಅಂಗಳದ ಅಂಚು ಹಿಡಿದು ಬೇಗ ಬೇಗ ನಡೆದು ಅವಳನ್ನು ದಾಟಿ ಎದುರಿಗೆ ಹೋಗಿ ನಿಂತೆ. ಸ್ವಲ್ಪ ಬಾಗಿ ಕೊಡೆ ಚಾಚಿದೆ. ನನ್ನ ಇಡೀ ಜೀವನದಲ್ಲಿ ದನಿಯೇ ಇಲ್ಲದೆ ಒಬ್ಬ ಮನುಷ್ಯನನ್ನು ಮಾಡಿದ್ದು ಅದೇ ಮೊದಲು. ಅಕ್ಕ ಮಾಡುತ್ತಿದ್ದ ಹಾಗೆ.

ಅವಳು ಕೊಡ ಕೆಳಗಿಟ್ಟು ಕೊಡೆ ತೆಗೆದುಕೊಂಡಳು.

ಬೆಂಚಿನಿಂದ ಮಾವ, "ಅಯ್ಯೋ, ಇದರಲ್ಲೇನಿದೆ? ಹೊರಟೋರನ್ನ ಹಿಂದಿನಿಂದ ಕರೀಬಾರ್ದು ಅನ್ನೋದು ಶಾಸ್ತ್ರ," ಎಂದ.

"ಆ ಶಾಸ್ತ್ರ ಪಯ್ಯಂಪಳ್ಳೀಲೂ ಇತ್ತು ಮಾವ," ಎಂದಳು ಅಕ್ಕ. ಆಮೇಲೆ ನನಗೆ: "ಬರೋಕೆ ಹೇಳು. ತಟ್ಟೆ ನಾ ಹಿಡಿಯಲ್ಲ. ಚಾಯ ಅವರೇ ಮಾಡ್ಲಿ."

ಮಾಡಿದ. ನೋಡಲು ಬಂದವನು ನಮ್ಮ ಅಡುಗೆಮನೆಗೆ ಬಗ್ಗಿ ಹೊಕ್ಕು, ನಮ್ಮ ಒಲೆಯನ್ನು ಪರಿಚಯ ಮಾಡಿಕೊಂಡು, ಎಲ್ಲರಿಗೂ ಚಾಯ ಮಾಡಿಕೊಟ್ಟ. ಅವ್ವ ಆ ದಿನದಿಂದ ನಾವು ಮಾಡಿದ ಚಾಯವನ್ನು ಕುಡಿಯುವಾಗ ಮುಖ ಹುಳಿ ಮಾಡುತ್ತಾಳೆ.

ಹಿರಿಯರು ಸೇರಿ ಕೂಡಿಕೆಗೆ ದಿನ ಹೇಳಿದರು: ಶುಕ್ರವಾರ, ಕತ್ತಲಾದ ಮೇಲೆ. ಅಕ್ಕ ಬಾಗಿಲ ಹಿಂದಿನಿಂದಲ್ಲ, ಚಾವಡಿಗೇ ಬಂದು ಹೇಳಿದಳು: "ಕತ್ತಲಾದ ಮೇಲೆ ಬೇಗೂರು ರಸ್ತೇಲಿ ಆನೆ ಇರ್ತವೆ. ನೀವೆಲ್ಲ ನನ್ನ ಬಿಡೋಕೆ ಬರ್ಬೇಕಲ್ಲ. ಬರ್ತೀರಾ?"

ಹಿರಿಯರು ಒಬ್ಬರನ್ನೊಬ್ಬರು ನೋಡಿದರು. ಸಂಪ್ರದಾಯ ದೊಡ್ಡದು, ನಿಜ. ಆನೆ ಇನ್ನೂ ದೊಡ್ಡದು. ಹಗಲು ಹನ್ನೊಂದು ಗಂಟೆಗೆ, ಎದುರು ಬಾಗಿಲಿನಲ್ಲಿ, ಓಲಗದೊಂದಿಗೆ ಮದುವೆಯಾಯಿತು. ಹಗಲು ಮಾಡಿದ ಮೇಲೆ ಕೂಡಿಕೆ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಕರೆಯೋಲೆಯಿಲ್ಲದವರೂ ಬಂದು ಉಂಡು ಹೋದರು. ಬೇಗೂರಿನ ಆನೆಗಳಿಗೆ ನಮ್ಮ ಕುಟುಂಬ ಇವತ್ತಿಗೂ ಋಣಿ. ಅವು ನಮ್ಮ ಬಾಳೆ ಮುರಿದರೂ ನಾನು ಹೆಚ್ಚು ಬೈಯುವುದಿಲ್ಲ.

ಆಮೇಲೆ ನಮ್ಮ ಕಡೆ ಗಾಳಿ ತಿರುಗಿತು. ಬಿಟ್ಟು ಬಂದ ಹೆಣ್ಣುಮಕ್ಕಳಿದ್ದ ಇನ್ನೂ ಕೆಲವು ಮನೆಗಳಲ್ಲಿ ಹಗಲು ಮದುವೆಗಳಾದವು, ಆನೆಯೇ ಬಾರದ ಊರಿನಲ್ಲೂ ಆನೆಯ ನೆಪ ಹೇಳಿ. ಮತ್ತು ಅಂಥ ಮನೆಗಳಿಂದ ನನಗೆ ಕರೆ ಬರತೊಡಗಿತು: "ಮೋನೇ, ಒಬ್ಬನನ್ನ ನೋಡಿ ತಂದು ಕೊಡ್ಬೇಕಲ್ಲ." ಹೋಗುತ್ತೇನೆ, ಕೂರುತ್ತೇನೆ, ತರುತ್ತೇನೆ. ಕೂಲಿ ಒಂದು ಊಟ. ತಂದದ್ದನ್ನು ನೋಡಿ ಉಹೂಂ ಅಂದವರೂ ಇದ್ದಾರೆ. ಅದೂ ನನಗೆ ಹೆಮ್ಮೆಯೇ. ಈಗ ನಾನು ಕೊಡೆ ಹಿಡಿದು ರಸ್ತೆಯಲ್ಲಿ ಹೊರಟರೆ ತಿರುನೆಲ್ಲಿ ಪಂಚಾಯತಿಯಲ್ಲಿ ಹೆಂಡತಿ ಬಿಟ್ಟ ಗಂಡಸರೆಲ್ಲ ದನಗಳನ್ನೂ ಬಹುವಚನದಲ್ಲಿ ಕರೆಯುತ್ತಾರೆ. ಹತ್ತನೇ ತರಗತಿ ಫೇಲಾದವನೊಬ್ಬನಿಂದ ಹೊಸ ಜಿಲ್ಲೆಗೆ ಇಷ್ಟಾದರೂ ಸೇವೆಯಾಯಿತಲ್ಲ.

ಮೊನ್ನೆ ಹೇಳದೆ ಕೇಳದೆ ಬೇಗೂರಿಗೆ ಹೋದೆ. ಬಸ್ಸಿಳಿಯುವಾಗಲೇ ಅಂಗಡಿಯೊಳಗಿನ ನಗು ರಸ್ತೆಗೆ ಕೇಳುತ್ತಿತ್ತು. ಭಾವ ಒಲೆಯ ಹತ್ತಿರ ಬಾಗಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ, ಈ ಸಲ ನಗುವಿನಿಂದ. ಮೂಲೆಯ ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ಖಾಲಿ ಲೋಟ ಬಾಯಿಗಿಟ್ಟುಕೊಂಡು, ಅದರ ಅಂಚಿನ ಮೇಲಿಂದ ಎರಡು ಕಣ್ಣು ಮಾತ್ರ ಹೊರಗೆ ಬಿಟ್ಟು, ಭಾವ ಬಗ್ಗಿದಾಗ ತಾನೂ ಬಗ್ಗಿ, ಎದ್ದಾಗ ತಾನೂ ಎದ್ದು, ಹೊಟ್ಟೆ ಉಬ್ಬಿದವನ ಹಾಗೆ ಸಣ್ಣಗೆ ತೇಗುತ್ತಿದ್ದಳು. ಒಂದು ಮಾತೂ ಆಡಿರಲಿಲ್ಲ. ಬೆಂಚಿನಲ್ಲಿದ್ದವರು ಒಟ್ಟಿಗೆ ತಿರುಗಿ ಬಾಗಿಲಲ್ಲಿ ನಿಂತ ನನ್ನನ್ನು ನೋಡಿದರು, ಆಮೇಲೆ ಅವಳನ್ನು, ಮತ್ತೆ ನನ್ನನ್ನು.

ನಾನು ಇಷ್ಟು ಪೆದ್ದನಾಗಿ ಕಾಣುತ್ತೇನೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ತಪ್ಪು ಹುಡುಕಲು ತುಂಬ ಹೊತ್ತು ನೋಡುತ್ತ ನಿಂತೆ. ಅಕ್ಕ ಒಂದು ಚಿಟಿಕೆ ಉಪ್ಪೂ ಖಾರವೂ ಹಾಕಿರಲಿಲ್ಲ.